ಕೊಳ್ಳುವವರ ಸಹಿ

ನೋಂದಣಿ ಕಚೇರಿಯ ಎದುರಿಗೆ ಒಂದು ಹಳೆಯ ಕಟ್ಟಡ. ಅದರ ಮಹಡಿ ಮೆಟ್ಟಿಲ ಕೆಳಗೆ ಹತ್ತಡಿಗೆ ಎಂಟಡಿಯ ಒಂದು ಕೋಣೆ. ಒಂದು ಮೇಜು, ಒಂದು ಕಂಪ್ಯೂಟರು, ಮನಸ್ಸು ಬಂದಾಗ ಕಾಗದ ನುಂಗುವ ಪ್ರಿಂಟರು, ಗಿರಾಕಿಗಳಿಗೆ ಎರಡು ಕುರ್ಚಿ, ಸಾಕ್ಷಿಗಳಿಗೆ ಒಂದು ಬೆಂಚು. ಅಲ್ಲಿ ಕೂತು ಇಪ್ಪತ್ತಾರು ವರ್ಷದಿಂದ ಊರವರ ಮನೆ, ಅಂಗಡಿ, ಖಾಲಿ ಜಾಗಗಳ ಕರಾರು ಬರೆಯುತ್ತಿದ್ದವಳು ಕರಾರಕ್ಕ. ಮೇಲೆ ಯಾರು ಹತ್ತಿದರು ಯಾರು ಇಳಿದರು ಎಂಬುದು ಹೆಜ್ಜೆ ಸದ್ದಿನಲ್ಲೇ ಅವಳಿಗೆ ಗೊತ್ತಾಗುತ್ತಿತ್ತು. ಬಾಡಿಗೆ ಕೋಣೆಯಾದರೇನು, ಅಷ್ಟರಮಟ್ಟಿಗೆ ಅದು ಅವಳದಾಗಿತ್ತು.

ಆ ಬೀದಿಯಲ್ಲಿ ಪತ್ರ ಬರೆಯುವವರು ಇನ್ನೂ ಏಳು ಜನ ಇದ್ದರು. ಅವರೆಲ್ಲ ಹಾಳೆ ಲೆಕ್ಕದಲ್ಲಿ ಕೂಲಿ ತೆಗೆದುಕೊಳ್ಳುವವರು. ಹಾಗಾಗಿ ಎರಡು ಮಾತಿನ ವ್ಯವಹಾರವನ್ನು ಎಂಟು ಹಾಳೆಗೆ ಹಿಗ್ಗಿಸುತ್ತಿದ್ದರು. ‘ಮೇಲ್ಕಂಡ’, ‘ಕೆಳಕಂಡ’, ‘ಸದರಿ’ ಎಂಬ ಮೂರು ಪದ ಇಲ್ಲದಿದ್ದರೆ ಅವರ ಮನೆಯ ಒಲೆ ಉರಿಯುತ್ತಿರಲಿಲ್ಲ. ಕರಾರಕ್ಕನದು ಒಂದೇ ಹಾಳೆ, ಎರಡು ಮಗ್ಗುಲು. ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳದೆ ಅವಳು ಯಾರಿಂದಲೂ ಸಹಿ ಹಾಕಿಸುತ್ತಿರಲಿಲ್ಲ. ಓದಿದ ಮೇಲೂ ಬಿಡುತ್ತಿರಲಿಲ್ಲ, ಎರಡೂ ಕಡೆಯವರ ಬಾಯಲ್ಲಿ ಹೇಳಿಸುತ್ತಿದ್ದಳು.

“ಏನು ಮಾರ್ತಿದ್ದೀರಿ, ನಿಮ್ಮ ಮಾತಲ್ಲೇ ಹೇಳಿ. ಎಷ್ಟಕ್ಕೆ? ಯಾವ ದಿನದೊಳಗೆ? ಯಾರಾದ್ರೂ ಹೆದರಿಸಿ ಕರ್ಕೊಂಡು ಬಂದಿದಾರಾ?”

ಕೆಲವರು ನಗುತ್ತಿದ್ದರು, ಕೆಲವರು ಸಿಡುಕುತ್ತಿದ್ದರು. ಅವಳಿಗೆ ಎರಡೂ ಒಂದೇ.

“ನೀವು ಮನೆ ಕೊಡ್ತೀನಿ ಅಂತೀರಿ, ಇವ್ರು ಮನೆ ಜೊತೆ ಹಿತ್ತಲೂ ತಗೋತೀನಿ ಅಂತಾರೆ. ಇದು ಒಪ್ಪಿಗೆ ಅಲ್ಲ ಸ್ವಾಮಿ, ಹೊಸ ಬೇಡಿಕೆ. ಒಬ್ರು ಏನು ಕೊಡ್ತೀನಿ ಅಂತಾರೋ ಇನ್ನೊಬ್ರು ಅದನ್ನೇ, ಅಷ್ಟಕ್ಕೇ ತಗೋತೀನಿ ಅನ್ನಬೇಕು. ಹೋಗಿ, ಚಹಾ ಕುಡಿದು ಒಂದು ಮಾತಿಗೆ ಬನ್ನಿ.”

ಹೀಗೆ ವಾಪಸು ಕಳಿಸಿದವರಲ್ಲಿ ಅರ್ಧ ಜನ ಪಕ್ಕದ ರಬ್ಬರ್ ಮಾವನ ಹತ್ತಿರ ಹೋಗಿ ಎಂಟು ಹಾಳೆ ಬರೆಸಿಕೊಳ್ಳುತ್ತಿದ್ದರು. ರಬ್ಬರ್ ಮಾವ ಎಪ್ಪತ್ತು ದಾಟಿದ ಮುದುಕ. ಅವನ ಕೈಯಲ್ಲಿ ತಿದ್ದಲಾಗದ ಕಾಗದ ಇನ್ನೂ ಹುಟ್ಟಿಲ್ಲ ಎಂದು ಬೀದಿಯ ನಂಬಿಕೆ. ತಾರೀಖು ಹಿಂದೆ ಮುಂದೆ ಮಾಡುವುದು, ಬಿಟ್ಟುಹೋದ ಗಡಿಯನ್ನು ಎರಡು ಸಾಲಿನ ನಡುವೆ ತೂರಿಸುವುದು, ಸಾಕ್ಷಿ ಸಿಗದಿದ್ದರೆ ಸಾಕ್ಷಿಯನ್ನೂ ಒದಗಿಸುವುದು ಎಲ್ಲ ಅವನಿಗೆ ನೀರು ಕುಡಿದಷ್ಟು ಸಲೀಸು. ಮನುಷ್ಯ ಕೆಟ್ಟವನಲ್ಲ. ಕಾಗದ ಇರುವುದು ಜನರಿಗಾಗಿ, ಜನ ಇರುವುದು ಕಾಗದಕ್ಕಾಗಿ ಅಲ್ಲ ಎಂಬುದು ಅವನ ವಾದ. ಆ ವಾದ ಕೇಳಿದಾಗಲೆಲ್ಲ ಕರಾರಕ್ಕನಿಗೆ ಮೈ ಉರಿಯುತ್ತಿತ್ತು, ಆದರೂ ದಿನಾ ಹನ್ನೊಂದು ಗಂಟೆಗೆ ಇಬ್ಬರೂ ಒಟ್ಟಿಗೇ ಚಹಾ ಕುಡಿಯುತ್ತಿದ್ದರು.

ಊರಿನ ಎಷ್ಟೋ ಮನೆಗಳಿಗೆ ಕರಾರು ಬರೆದ ಕರಾರಕ್ಕನ ಹೆಸರಿನಲ್ಲಿ ಭೂಮಿಯ ಮೇಲೆ ಒಂದು ಗೇಣು ಜಾಗ ಇರಲಿಲ್ಲ. ಇರುವ ಮನೆ ಬಾಡಿಗೆಯದು, ಕೂರುವ ಕೋಣೆ ಬಾಡಿಗೆಯದು. ಗಂಡ ಬಸ್ ಡ್ರೈವರಾಗಿ ನಿವೃತ್ತನಾದವನು, “ನಾನು ಜೀವಮಾನ ಪೂರ್ತಿ ಬೇರೆಯವರ ಗಾಡಿ ಓಡಿಸ್ದೆ, ನೀನು ಬೇರೆಯವರ ಮನೆ ಬರ್ದೆ, ಒಳ್ಳೇ ಜೋಡಿ,” ಎಂದು ನಗುತ್ತಿದ್ದ. ಅವಳಿಗೆ ನಗು ಬರುತ್ತಿರಲಿಲ್ಲ. ಅವಳಿಗೆ ಆ ಕೋಣೆ ಬೇಕಾಗಿತ್ತು. ಬೇರೆ ಯಾವ ಕೋಣೆಯೂ ಅಲ್ಲ, ಆ ಮೆಟ್ಟಿಲ ಕೆಳಗಿನ ಕೋಣೆಯೇ ಬೇಕಾಗಿತ್ತು.

ಕಟ್ಟಡ ಜವಳಿ ಅಂಗಡಿಯ ಯಜಮಾನನದು. ಮಾತಿನಲ್ಲಿ ಬೆಣ್ಣೆ, ಅಳತೆಯಲ್ಲಿ ಕತ್ತರಿ. ಒಂದು ಬೆಳಿಗ್ಗೆ ಬಾಡಿಗೆಗೆಂದು ಬಂದವನು, ಅಂಗಡಿಗೆ ಹೊಸ ಗಾಜು ಹಾಕಿಸಬೇಕು, ಈ ಗುಹೆಯನ್ನು ಯಾರಾದರೂ ಕೊಂಡರೆ ಕೊಟ್ಟುಬಿಡುತ್ತೇನೆ ಎಂದ. ಬೆಲೆಯನ್ನೂ ತಾನೇ ಹೇಳಿದ.

“ನಾನೇ ತಗೋತೀನಿ,” ಎಂದಳು ಕರಾರಕ್ಕ. “ನೀವು ಹೇಳಿದ ಬೆಲೆಗೇ. ಚೌಕಾಸಿ ಇಲ್ಲ.”

ಯಜಮಾನ ಅವಳನ್ನು ಮೇಲಿಂದ ಕೆಳಗೆ ನೋಡಿದ. ಗಿರಾಕಿ ಚೌಕಾಸಿ ಮಾಡದೆ ಒಪ್ಪಿದರೆ ವ್ಯಾಪಾರಿಗೆ ತಾನು ಕಡಿಮೆ ಹೇಳಿದೆನೇನೋ ಅನ್ನಿಸುತ್ತದೆ. ಆದರೂ ಅವನು ಅಂದ ಮಾತನ್ನು ನುಂಗಲಿಲ್ಲ. ಮರುದಿನ ಮುಂಗಡ ಕೊಟ್ಟಳು, ಆರು ತಿಂಗಳ ಒಳಗೆ ಉಳಿದ ಹಣ ಕೊಟ್ಟು ನೋಂದಣಿ ಎಂದು ಕರಾರಾಯಿತು. ಬರೆದವಳು ಅವಳೇ, ಓದಿ ಹೇಳಿದವಳೂ ಅವಳೇ. ಯಜಮಾನನ ಬಾಯಲ್ಲಿ ಎಲ್ಲವನ್ನೂ ಹೇಳಿಸಿದಳು. ರಬ್ಬರ್ ಮಾವನೂ ಅಂಗಡಿಯ ಗುಮಾಸ್ತನೂ ಸಾಕ್ಷಿ ಹಾಕಿದರು. ಮೂಲ ಪ್ರತಿ ಅವಳ ಕಪಾಟಿನಲ್ಲಿ ಉಳಿಯಿತು.

ಅವತ್ತು ಮನೆಗೆ ಹೋಗುವಾಗ ಕರಾರಕ್ಕ ಬಸ್ಸಿನಲ್ಲಿ ಸೀಟು ಸಿಗದಿದ್ದರೂ ಯಾರ ಮೇಲೂ ಸಿಟ್ಟಾಗಲಿಲ್ಲ ಎಂದರೆ ಅವಳ ಸಂತೋಷ ಎಷ್ಟಿತ್ತೆಂದು ತಿಳಿಯಬಹುದು.

ನಾಲ್ಕನೆಯ ತಿಂಗಳಲ್ಲಿ ಪಕ್ಕದ ಹೋಟೆಲಿನವನಿಗೆ ಅಡುಗೆಮನೆ ಸಾಲದಾಯಿತು. ನಡುವಿನ ಗೋಡೆ ಒಡೆದರೆ ಮೆಟ್ಟಿಲ ಕೆಳಗಿನ ಕೋಣೆ ಅವನಿಗೆ ಹೇಳಿ ಮಾಡಿಸಿದ ಹಾಗೆ. ಅವನು ಯಜಮಾನನಿಗೆ ದುಪ್ಪಟ್ಟು ಬೆಲೆ ಹೇಳಿದ. ಯಜಮಾನ ಆ ಸಂಜೆಯೇ ಮೆಟ್ಟಿಲ ಕೆಳಗೆ ಬಂದು ಬೆಂಚಿನ ಮೇಲೆ ಕೂತ. ಮೊದಲು ಅವಳ ಆರೋಗ್ಯ ವಿಚಾರಿಸಿದ. ಆಮೇಲೆ ಅವಳ ಗಂಡನ ಮಂಡಿನೋವು ವಿಚಾರಿಸಿದ. ಅಷ್ಟು ಹೊತ್ತಿಗೆ ಕರಾರಕ್ಕನಿಗೆ ಏನೋ ಕೆಟ್ಟದ್ದು ಕಾದಿದೆ ಎಂದು ಗೊತ್ತಾಗಿತ್ತು.

“ಅಕ್ಕಾ, ಈ ಕತ್ತಲೆ ಕೋಣೆ ನಿಮಗ್ಯಾಕೆ? ಮುಂಗಡ ವಾಪಸ್ ಕೊಡ್ತೀನಿ. ಮೇಲೆ ಅಷ್ಟೇ ಇನ್ನೊಂದು ಪಾಲು ಇಟ್ಟು ಕೊಡ್ತೀನಿ. ಬೇರೆ ಕಡೆ ಗಾಳಿ ಬೆಳಕು ಇರೋ ಜಾಗ ನೋಡ್ಕೊಳ್ಳಿ.”

“ಯಜಮಾನ್ರೇ, ನಾನು ಮುಂಗಡ ಕೊಟ್ಟದ್ದು ಮುಂಗಡ ವಾಪಸ್ ತಗೊಳ್ಳೋಕಲ್ಲ.”

“ಹೋಟೆಲಿನವರು ಒತ್ತಾಯ ಮಾಡ್ತಿದಾರೆ. ನನ್ನ ಪರಿಸ್ಥಿತಿ ಸ್ವಲ್ಪ ಅರ್ಥ ಮಾಡ್ಕೊಳ್ಳಿ.”

“ಅರ್ಥ ಆಯ್ತು. ಅರ್ಥ ಆದ್ದರಿಂದಲೇ ಆಗಲ್ಲ ಅಂತಿದೀನಿ. ಇನ್ನೆರಡು ತಿಂಗಳಿದೆ, ಉಳಿದ ಹಣ ನನ್ನ ಹತ್ತಿರ ಈಗಲೇ ತಯಾರಿದೆ. ನಾಳೆ ಬರ್ತೀರಾ ನೋಂದಣಿಗೆ?”

ಯಜಮಾನ ಎದ್ದು ಹೋದ. ಹೋಗುವಾಗ ಆರೋಗ್ಯ ವಿಚಾರಿಸಲಿಲ್ಲ.

ಹತ್ತು ದಿನ ಕಳೆದ ಮೇಲೆ ವಕೀಲರ ಪತ್ರ ಬಂತು. ‘ನಿಮ್ಮ ವಶದಲ್ಲಿರುವ ಕರಾರಿನಲ್ಲಿ ಕೊಳ್ಳುವವರ ಸಹಿ ಇಲ್ಲ. ಒಬ್ಬರೇ ಸಹಿ ಮಾಡಿದ ಕರಾರು ಕರಾರಲ್ಲ. ಒಂದು ವಾರದ ನಂತರ ಮೂಲ ಪ್ರತಿಯೊಂದಿಗೆ ನಮ್ಮ ಕಚೇರಿಗೆ ಬಂದು ಮುಂಗಡ ವಾಪಸು ಪಡೆಯಿರಿ’ ಎಂದಿತ್ತು.

ಕರಾರಕ್ಕ ಮೊದಲು ನಕ್ಕಳು. ತಾನು ಬರೆದ ಕಾಗದದಲ್ಲಿ ಸಹಿ ಇಲ್ಲವೇ? ಕಪಾಟು ತೆಗೆದು ಹಾಳೆಯನ್ನು ಈಚೆಗೆ ಎಳೆದು ಹಿಂದಿನ ಮಗ್ಗುಲು ತಿರುಗಿಸಿದಳು. ಮಾರುವವರು ಎಂಬಲ್ಲಿ ಯಜಮಾನನ ಬಳುಕುವ ಸಹಿ. ಸಾಕ್ಷಿಗಳು ಎಂಬಲ್ಲಿ ಎರಡು ಸಹಿ. ಎಲ್ಲಕ್ಕಿಂತ ಕೆಳಗೆ, ಎಡಮೂಲೆಯಲ್ಲಿ, ಬರೆದವರು ಎಂಬಲ್ಲಿ ಅವಳ ಸಹಿ, ಗುಂಡಗೆ, ಸ್ಪಷ್ಟವಾಗಿ. ಕೊಳ್ಳುವವರು ಎಂಬಲ್ಲಿ ಬರೀ ಗೆರೆ.

ಇಪ್ಪತ್ತಾರು ವರ್ಷ ಸಾವಿರಾರು ಕಾಗದಗಳಲ್ಲಿ ಅವಳ ಕೈ ಹೋದದ್ದು ಆ ಎಡಮೂಲೆಗೆ ಮಾತ್ರ. ಅವತ್ತೂ ಕೈ ತನ್ನ ದಾರಿ ಹಿಡಿದು ಅಲ್ಲಿಗೇ ಹೋಗಿತ್ತು. ಕಾಗದದ ಕೊನೆಯಲ್ಲಿ ಕರಾರಕ್ಕನ ಸಹಿ ಎಂದಿನಂತೆ ಇದ್ದುದರಿಂದ ಯಾರ ಕಣ್ಣಿಗೂ ಏನೂ ಕಡಿಮೆಯಾಗಿ ಕಾಣಲಿಲ್ಲ. ಓದು ಬಾರದವನಾದರೆ ಹೆಬ್ಬೆಟ್ಟನ್ನು ಎಲ್ಲಿ ಒತ್ತಲಿ ಎಂದು ಎರಡು ಸಲ ಕೇಳುತ್ತಿದ್ದ. ಇಂಥ ತಪ್ಪು ಮಾಡಬೇಕಾದರೆ ಇವಳಷ್ಟು ಬಲ್ಲವಳೇ ಆಗಬೇಕು.

ಅವಳಿಗೆ ನಾಚಿಕೆಯಾಯಿತು. ಹಣ ಹೋದರೆ ಹೋಗಲಿ ಅನ್ನಬಹುದು, ಮಾನ? ಬೀದಿಯ ಏಳು ಜನಕ್ಕೆ ಇಪ್ಪತ್ತಾರು ವರ್ಷ ಪಾಠ ಹೇಳಿದವಳು, ತನ್ನ ಪಾಲಿನ ಒಂದೇ ಒಂದು ಕಾಗದದಲ್ಲಿ ಮುಗ್ಗರಿಸಿದಳು. ಸಿಟ್ಟು ಬಂತು, ಅಳು ಬಂತು. ಅಳುವುದಕ್ಕೆ ಇದು ಹೊತ್ತಲ್ಲ ಎಂದು ಮತ್ತೂ ಸಿಟ್ಟು ಬಂತು.

ಮಧ್ಯಾಹ್ನ ರಬ್ಬರ್ ಮಾವ ಬಂದು ಪತ್ರ ಓದಿದ, ಕರಾರು ನೋಡಿದ, ಬೊಚ್ಚುಬಾಯಿ ತೆರೆದು ನಕ್ಕ.

“ಇಷ್ಟೇನಾ? ಪೆನ್ನು ತೆಗಿ.”

“ಯಾಕೆ ಮಾವ?”

“ಯಾಕೆ ಅಂದ್ರೆ? ಖಾಲಿ ಜಾಗ ಇದೆ, ಸಹಿ ಹಾಕು. ಅದೇ ಪೆನ್ನು, ಅದೇ ಶಾಯಿ, ಅದೇ ಕೈ. ನಾಕು ತಿಂಗಳ ಹಿಂದೆ ಹಾಕಿದ್ದೋ ಇವತ್ತು ಹಾಕಿದ್ದೋ ಯಾರು ಹೇಳ್ತಾರೆ? ಮೂಲ ಪ್ರತಿ ನಿನ್ನ ಹತ್ರಾನೇ ಇದೆ. ಸಾಕ್ಷಿ ನಾನೇ ಇದೀನಿ. ನನ್ನ ಕಣ್ಣೆದುರಿಗೇ ಹಾಕಿದಳು ಅಂತ ನಾನು ಹೇಳ್ತೀನಿ. ಸುಳ್ಳೇನಲ್ಲವಲ್ಲ, ಈಗ ನನ್ನ ಕಣ್ಣೆದುರಿಗೇ ತಾನೇ ಹಾಕ್ತೀಯ.”

ಅಷ್ಟರಲ್ಲಿ ಗಂಡ ಅವಳ ಊಟದ ಡಬ್ಬಿ ತಂದ. ವಿಷಯ ಕೇಳಿದವನೇ ಬೆಂಚಿನ ಮೇಲೆ ಕುಸಿದ.

“ಊರಿಗೆಲ್ಲ ಶಕುನ ಹೇಳೋ ಹಲ್ಲಿ ಬಚ್ಚಲಲ್ಲಿ ಬಿತ್ತಂತೆ,” ಎಂದ. ಹೆಂಡತಿಯ ಮುಖ ನೋಡಿ ಕೂಡಲೇ ದನಿ ತಗ್ಗಿಸಿದ. “ಹೋಗ್ಲಿ ಬಿಡೇ. ಮಾವ ಹೇಳಿದ ಹಾಗೆ ಒಂದು ಸಹಿ ಹಾಕಿಬಿಡು. ನಿನ್ನ ಸಹಿಯೇ ತಾನೇ, ಬೇರೆಯವರದ್ದೇನಲ್ಲ. ನಾವೇನು ಯಾರ ಮನೆ ಹಾಳು ಮಾಡ್ತಿದೀವಾ? ಮೋಸ ಮಾಡ್ತಿರೋನು ಅವನು.”

ಅವಳು ಪೆನ್ನು ತೆಗೆದಳು. ಮುಚ್ಚಳ ಬಿಚ್ಚಿದಳು. ಹಾಳೆಯನ್ನು ನೇರ ಮಾಡಿಕೊಂಡಳು. ಗಂಡಸರಿಬ್ಬರೂ ನೋಡುತ್ತಿದ್ದರು. ಇದು ಅವಳದೇ ಸಹಿ ಹೌದು, ಹಾಕಬೇಕಾದ ಜಾಗವೂ ಇದೇ ಹೌದು. ಹಾಕಿದರೆ ಕೋಣೆ ಅವಳದು, ಹಾಕದಿದ್ದರೆ ಆ ಗೋಡೆ ಒಡೆದು ಅಲ್ಲೊಂದು ದೊಡ್ಡ ಒಲೆ ಬರುತ್ತದೆ. ಇಪ್ಪತ್ತಾರು ವರ್ಷದಲ್ಲಿ ಇಂಥ ಒಂದು ಸಣ್ಣ ಸಹಿಗಾಗಿ ಅವಳ ಮುಂದೆ ಬೇಡಿಕೊಂಡವರೆಷ್ಟು ಜನ! ಅವರನ್ನೆಲ್ಲ ಅವಳು ಗದರಿಸಿ ಕಳಿಸಿದ್ದಳು. ಅವರಿಗೆ ಆಗ ಎಷ್ಟು ನೋವಾಗಿರಬೇಕು ಎಂದು ಅವಳಿಗೆ ಮೊದಲ ಸಲ ಹೊಳೆಯಿತು.

ಪೆನ್ನಿನ ಮುಚ್ಚಳ ಹಾಕಿದಳು.

“ನಾನು ತಪ್ಪು ಮಾಡಿದೀನಿ ಮಾವ, ಸುಳ್ಳು ಮಾಡಿಲ್ಲ. ತಪ್ಪಿಗೆ ಜವಾಬು ಕೊಡ್ತೀನಿ. ಸುಳ್ಳು ಮಾಡಿದ್ರೆ ಆಮೇಲೆ ಜೀವಮಾನವೆಲ್ಲ ಸಾಕ್ಷಿ ಹಾಕಿದ ಆ ಗುಮಾಸ್ತ ಎದುರಿಗೆ ಬಂದಾಗಲೆಲ್ಲ ತಲೆ ತಗ್ಗಿಸಬೇಕು. ಈ ಕೋಣೇಲಿ ತಲೆ ತಗ್ಗಿಸ್ಕೊಂಡು ಕೂರೋದಾದ್ರೆ ಬಾಡಿಗೆಗೇ ಇರಬಹುದಲ್ಲ, ಕೊಳ್ಳೋದ್ಯಾಕೆ?”

“ಕೋಣೆ ಹೋದ್ರೆ?” ಎಂದ ಗಂಡ.

“ಹೋಗಲ್ಲ. ಕಿತ್ಕೋತೀನಿ.”

“ಹೇಗೆ?”

“ಅದು ಇನ್ನೂ ಗೊತ್ತಿಲ್ಲ. ಊಟದ ಡಬ್ಬಿ ಕೊಡಿ ಇಲ್ಲಿ, ಹಸಿವಾಗ್ತಿದೆ.”

ಆ ವಾರ ಅವಳು ಗಿರಾಕಿಗಳನ್ನು ಕಡಿಮೆ ಮಾಡಿಕೊಂಡು, ಹಳೆಯ ಕಡತ ತೆಗೆದು, ಕೋರ್ಟಿನ ಮೆಟ್ಟಿಲು ಹತ್ತಿಳಿದ ಕರಾರುಗಳನ್ನೆಲ್ಲ ಒಂದೊಂದಾಗಿ ಓದಿದಳು. ರಬ್ಬರ್ ಮಾವ ದಿನಾ ಹನ್ನೊಂದಕ್ಕೆ ಬಂದು, “ಪೆನ್ನು ಇದೆಯಾ, ಶಾಯಿ ಮುಗೀತಾ?” ಎಂದು ಕೇಳಿ ಬೈಸಿಕೊಂಡು ಹೋಗುತ್ತಿದ್ದ.

ವಕೀಲರ ಕಚೇರಿ ಎರಡನೆಯ ಮಹಡಿಯಲ್ಲಿ. ಗೋಡೆಯ ತುಂಬ ಕೆಂಪು ರಟ್ಟಿನ ಪುಸ್ತಕಗಳು, ತಲೆಯ ಮೇಲೆ ಕಿರುಗುಟ್ಟುವ ಫ್ಯಾನು. ವಕೀಲರು ವಯಸ್ಸಾದವರು, ಮಾತು ಕಡಿಮೆ. ಯಜಮಾನ ಹೊಸ ಅಂಗಿ ಹಾಕಿಕೊಂಡು ಮೇಜಿಗೆ ಒತ್ತಿ ಕೂತಿದ್ದ. ಕಿಟಕಿಯ ಹತ್ತಿರ ಹೋಟೆಲಿನವನು ಕೂತಿದ್ದ. ಇವತ್ತೇ ಎಲ್ಲ ಮುಗಿಯುತ್ತದೆಂದು ಯಜಮಾನ ಅವನನ್ನೂ ಕರೆದುಕೊಂಡು ಬಂದಿದ್ದ. ಕರಾರಕ್ಕ ಗಂಡನನ್ನು ಹೊರಗೆ ಕೂರಿಸಿ ಒಬ್ಬಳೇ ಒಳಗೆ ಹೋದಳು.

“ಮೂಲ ಪ್ರತಿ ತಂದಿದೀರಾ ಅಮ್ಮಾ?” ಎಂದರು ವಕೀಲರು.

ಅವಳು ಹಾಳೆಯನ್ನು ಮೇಜಿನ ಮೇಲಿಟ್ಟಳು. ವಕೀಲರು ಕನ್ನಡಕ ಏರಿಸಿ ಹಿಂದಿನ ಮಗ್ಗುಲು ತಿರುಗಿಸಿದರು. ಯಜಮಾನ ಕತ್ತು ಚಾಚಿದ. ವಕೀಲರು ಬಹಳ ಹೊತ್ತು ನೋಡಿದರು. ಆಮೇಲೆ ತಮ್ಮ ಕಡತದಿಂದ ಒಂದು ಜೆರಾಕ್ಸ್ ಪ್ರತಿ ತೆಗೆದು ಪಕ್ಕದಲ್ಲಿಟ್ಟರು. ಸಹಿ ಹಾಕಿದ ದಿನವೇ ಯಜಮಾನ ಗುಮಾಸ್ತನ ಕೈಯಲ್ಲಿ ಮಾಡಿಸಿಟ್ಟುಕೊಂಡದ್ದು ಅದು, ಕರಾರಕ್ಕನಿಗೆ ಅದರ ನೆನಪೇ ಇರಲಿಲ್ಲ. ಅಂಗಡಿಯ ಮುದ್ರೆ, ತಾರೀಖು ಎಲ್ಲ ಇತ್ತು. ಅದರಲ್ಲೂ ಕೊಳ್ಳುವವರ ಜಾಗ ಖಾಲಿ, ಇದರಲ್ಲೂ ಖಾಲಿ.

“ಎರಡೂ ಒಂದೇ,” ಎಂದರು ವಕೀಲರು ಯಜಮಾನನ ಕಡೆ ತಿರುಗಿ. ಯಜಮಾನನ ಮುಖ ಸಪ್ಪೆಯಾಯಿತು.

ಕರಾರಕ್ಕನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಒಂದು ವಾರ ಗಡುವು ಕೊಟ್ಟದ್ದು ಅವಳು ಬರಲಿ ಎಂದಲ್ಲ, ಅವಳು ಸಹಿ ಹಾಕಲಿ ಎಂದು. ಹಾಕಿ ತಂದಿದ್ದರೆ ಈಗ ಈ ಜೆರಾಕ್ಸನ್ನು ಪಕ್ಕದಲ್ಲಿಟ್ಟು, ಕಾಗದ ತಿದ್ದಿದವಳು ಎಂದು ಊರಿಗೆಲ್ಲ ಸಾರುತ್ತಿದ್ದರು. ಕೋಣೆಯ ಜೊತೆಗೆ ಅವಳ ಕಸುಬೂ ಹೋಗುತ್ತಿತ್ತು.

“ಯಜಮಾನ್ರೇ,” ಎಂದಳು. ದನಿ ಏರಲಿಲ್ಲ. “ನಾನು ಕಳ್ಳಿ ಆಗಲಿ ಅಂತ ಒಂದು ವಾರ ಕಾದ್ರಲ್ಲ, ಬೇಜಾರಾಯ್ತಾ?”

ಯಜಮಾನ ಫ್ಯಾನಿನ ಕಡೆ ನೋಡಿದ. ವಕೀಲರು ಕೆಮ್ಮಿದರು.

“ಅದಿರಲಿ ಅಮ್ಮಾ. ನೀವು ಸಹಿ ಹಾಕಿಲ್ಲ ಅನ್ನೋದಂತೂ ನಿಜ. ನೀವು ಒಪ್ಪಿದ್ರಿ ಅನ್ನೋದಕ್ಕೆ ಗುರುತೇನು?”

“ಮುಂಗಡ ಸಾರ್. ಕೊಟ್ಟೋಳು ನಾನು. ಕೊಳ್ಳುವವರಿಂದ ಇಷ್ಟು ಮುಟ್ಟಿತು ಅಂತ ಈ ಹಾಳೇಲೇ ಇದೆ, ಕೆಳಗೆ ಅವರ ಸಹಿ ಇದೆ. ಅವ್ರು ಕೊಡ್ತೀನಿ ಅಂದ್ರು, ನಾನು ಅವ್ರು ಹೇಳಿದ ಬೆಲೆಗೇ ತಗೋತೀನಿ ಅಂದೆ, ಹಣ ಕೊಟ್ಟೆ, ಅವ್ರು ಎಣಿಸಿ ಜೇಬಿಗೆ ಹಾಕ್ಕೊಂಡ್ರು. ಒಪ್ಪಿಗೆ ಅಂದ್ರೆ ಇದಲ್ಲದೆ ಇನ್ನೇನು? ಸಹಿ ಅನ್ನೋದು ಒಪ್ಪಿಗೆಯ ಗುರುತು ಅಷ್ಟೇ, ಒಪ್ಪಿಗೆಯೇ ಅಲ್ಲ.”

“ಆದ್ರೂ…”

“ಇನ್ನೊಂದು ಮಾತು ಹೇಳ್ಬಿಡ್ತೀನಿ ಸಾರ್. ಕರಾರಿನಲ್ಲಿ ಸಹಿ ಬೇಕಾದ್ದು ಯಾರನ್ನ ಹಿಡೀಬೇಕೋ ಅವರದ್ದು. ನಾಳೆ ನಾನು ಕೋಣೆ ಬೇಡ ಅಂತ ಓಡಿದ್ರೆ, ‘ಇವಳ ಸಹಿ ಎಲ್ಲಿ’ ಅಂತ ಹುಡುಕಬೇಕಾದ್ದು ನೀವು. ನಾನು ಓಡ್ತಿಲ್ಲ. ಓಡ್ತಿರೋರು ಯಜಮಾನ್ರು. ಅವರ ಸಹಿ ಇಲ್ಲಿ ಜೋರಾಗಿ ಇದೆ, ಬಾಲ ಸಮೇತ.”

ಕಿಟಕಿಯ ಹತ್ತಿರ ಹೋಟೆಲಿನವನು ನಕ್ಕುಬಿಟ್ಟ. ಯಜಮಾನ ಅವನನ್ನು ದುರುಗುಟ್ಟಿಕೊಂಡು ನೋಡಿದ. ವಕೀಲರು ಕನ್ನಡಕ ತೆಗೆದು ಒರೆಸತೊಡಗಿದರು. ಎದುರಿನವರ ಮಾತಿಗೆ ಉತ್ತರವಿಲ್ಲದಾಗ ವಕೀಲರಿಗೆ ಕನ್ನಡಕ ಮಸುಕಾಗುತ್ತದೆ.

“ಬೆಲೆ ಕಡಿಮೆಯಾಯ್ತು,” ಎಂದ ಯಜಮಾನ. “ಈಗ ಅದರ ಎರಡರಷ್ಟು ಬಾಳುತ್ತೆ. ನನಗೆ ಮೋಸ ಆಗಿದೆ.”

“ಬೆಲೆ ನಾನು ಹೇಳಿದ್ದಾ? ನಿಮ್ಮ ಬಾಯಿಂದಲೇ ಬಂದದ್ದು. ಹೆದರಿಸಿದ್ನಾ, ಮಂಕುಬೂದಿ ಎರಚಿದ್ನಾ? ಜಾಸ್ತಿ ಕೊಡೋರು ಆಮೇಲೆ ಬಂದ್ರು ಅಂತ ಅವತ್ತಿನ ಬೆಲೆ ಮೋಸ ಆಗಲ್ಲ.”

“ದುಪ್ಪಟ್ಟು ಮುಂಗಡ ಕೊಡ್ತೀನಿ ಅಂದ್ನಲ್ಲ. ಬೇಕಾದ್ರೆ ಮೂರು ಪಾಲು ತಗೊಳ್ಳಿ. ನಷ್ಟ ತುಂಬಿಕೊಟ್ಟ ಮೇಲೆ ಇನ್ನೇನು?”

“ನೀವು ಬಟ್ಟೆ ಮಾರೋರು. ಒಂದು ಥಾನು ಹರಿದ್ರೆ ಅದೇ ಬಣ್ಣದ ಇನ್ನೊಂದು ಥಾನು ಕೊಡ್ತೀರಿ, ಇಲ್ಲ ಅಂದ್ರೆ ಹಣ ಕೊಡ್ತೀರಿ. ಜಾಗ ಹಾಗಲ್ಲ. ನೋಂದಣಿ ಕಚೇರಿ ಎದುರಿಗೆ, ಮೆಟ್ಟಿಲ ಕೆಳಗೆ, ನಾನು ಇಪ್ಪತ್ತಾರು ವರ್ಷ ಕೂತ ಕೋಣೆ ಇನ್ನೊಂದು ಎಲ್ಲಿದೆ, ತೋರಿಸಿ, ತಗೋತೀನಿ. ಇಲ್ಲದಿದ್ರೆ ಅದನ್ನೇ ಕೊಡಿ. ಜಾಗದ ವಿಷಯದಲ್ಲಿ ಕೋರ್ಟು ನಷ್ಟ ಕೊಡಿಸಿ ಕೈ ತೊಳ್ಕೊಳ್ಳಲ್ಲ, ಆಡಿದ ಮಾತು ನಡೆಸು ಅಂತಾನೇ ಹೇಳಬಹುದು. ಸಾರ್‌ನ ಕೇಳಿ.”

ಯಜಮಾನ ವಕೀಲರ ಕಡೆ ನೋಡಿದ. ವಕೀಲರು ಕನ್ನಡಕ ಒರೆಸುತ್ತಲೇ ಇದ್ದರು.

ಯಜಮಾನನ ಬೆಣ್ಣೆ ಅಲ್ಲಿಗೆ ಕರಗಿತು. ಮೇಜಿಗೆ ಗುದ್ದಿದ. “ಹೋಗಿ ಕೋರ್ಟಿಗೆ. ಹತ್ತು ವರ್ಷ ಎಳೀತೀನಿ. ಅಷ್ಟರಲ್ಲಿ ನಿಮಗೆ ಕಣ್ಣೇ ಕಾಣಲ್ಲ.”

ಈ ಮಾತಿಗೆ ಅವಳು ಹೆದರಬೇಕಿತ್ತು. ಹತ್ತು ವರ್ಷ ಎಂದರೆ ಏನೆಂದು ಅವಳಿಗಿಂತ ಚೆನ್ನಾಗಿ ಅಲ್ಲಿ ಬಲ್ಲವರು ಯಾರೂ ಇರಲಿಲ್ಲ. ಕೋರ್ಟಿಗೆ ಹೋಗಿ ಕೂದಲು ಉದುರಿದವರನ್ನು ಅವಳು ಕಣ್ಣಾರೆ ಕಂಡಿದ್ದಳು. ಆದರೆ ಅವಳ ಹೆದರಿಕೆಯೆಲ್ಲ ಆ ಜೆರಾಕ್ಸ್ ನೋಡಿದ ಗಳಿಗೆಯಲ್ಲೇ ಖರ್ಚಾಗಿ ಹೋಗಿತ್ತು.

“ಹತ್ತು ಅಂದ್ರೆ ಹತ್ತು,” ಎಂದಳು. “ತಿಂಗಳು ತಿಂಗಳು ಬಾಡಿಗೆ ಕೊಟ್ಕೊಂಡು ಅದೇ ಕೋಣೇಲಿ ಕೂತಿರ್ತೀನಿ. ನಿಮ್ಮ ಮೇಲಿನ ಕೇಸಿನ ಕಾಗದವೆಲ್ಲ ನಾನೇ ಟೈಪ್ ಮಾಡ್ಕೋತೀನಿ, ನನಗೆ ಆ ಖರ್ಚೂ ಇಲ್ಲ. ಕಣ್ಣು ಕಾಣದಿದ್ರೂ ಕೀಲಿಗಳು ಎಲ್ಲಿವೆ ಅಂತ ಬೆರಳಿಗೆ ಗೊತ್ತು.”

ಆಮೇಲೆ ಕುರ್ಚಿಯಲ್ಲಿ ಪೂರ್ತಿ ತಿರುಗಿ ಕಿಟಕಿಯ ಕಡೆ ನೋಡಿದಳು.

“ಹೋಟೆಲಿನವ್ರೇ, ನಿಮಗೂ ಒಂದು ಮಾತು. ಈ ಕೋಣೆ ಮೇಲೆ ಕರಾರಿದೆ ಅಂತ ನಿಮಗೆ ಇವತ್ತಿನವರೆಗೆ ಗೊತ್ತಿಲ್ಲದೆ ಇರಬಹುದು. ಈಗ ವಕೀಲರ ಎದುರಿಗೇ ಗೊತ್ತಾಯ್ತು. ಗೊತ್ತಿದ್ದೂ ಕೊಂಡ್ರೆ ಯಜಮಾನ್ರ ಮೇಲಿರೋ ಭಾರ ಪೂರ್ತಿ ನಿಮ್ಮ ಹೆಗಲಿಗೆ ಬರುತ್ತೆ. ಗೋಡೆ ಒಡೆದು ಒಲೆ ಕಟ್ಟಿದ ಮೇಲೂ ಕೋರ್ಟು ನನಗೆ ಬರೆದುಕೊಡು ಅಂದ್ರೆ ಬರೆದುಕೊಡಬೇಕು. ಒಲೆ ಹೊತ್ಕೊಂಡು ಹೋಗೋಕಾಗಲ್ಲ. ನೋಡಿ, ನಿಮ್ಮಿಷ್ಟ.”

ಹೋಟೆಲಿನವನು ವಕೀಲರನ್ನು ನೋಡಿದ. “ಹೌದಾ ಸಾರ್?”

ವಕೀಲರು ಕನ್ನಡಕ ಹಾಕಿಕೊಂಡರು. “ನಾನು ಇವರ ವಕೀಲ, ನಿಮಗೆ ಸಲಹೆ ಕೊಡೋ ಹಾಗಿಲ್ಲ,” ಎಂದರು. “ಆದ್ರೆ ಆಯಮ್ಮ ಹೇಳಿದ್ದು ತಪ್ಪು ಅಂತ ನಾನು ಹೇಳಲ್ಲ.”

ಹೋಟೆಲಿನವನು ಎದ್ದು ನಿಂತ. “ನನಗೆ ಬೇಕಾದ್ದು ಅನ್ನ ಬೇಯಿಸೋಕೆ ಜಾಗ ಸ್ವಾಮಿ, ಕೇಸು ಬೇಯಿಸೋಕಲ್ಲ,” ಎಂದು ಯಜಮಾನನಿಗೆ ಹೇಳಿ, ಹೋಗುತ್ತ ಕರಾರಕ್ಕನ ಹತ್ತಿರ ಒಂದು ಗಳಿಗೆ ನಿಂತ. “ಅಕ್ಕಾ, ನಮ್ಮ ಹಿಂದಿನ ಓಣೀಲಿ ಒಂದು ಗೋದಾಮಿದೆ. ಅದರ ಕರಾರು ನೀವೇ ಬರ್ಕೊಡಿ,” ಎಂದು ಮೆಟ್ಟಿಲಿಳಿದ.

ಹೋಟೆಲಿನವನು ಹೋದ ಮೇಲೆ ಉಳಿದ ಜಗಳದಲ್ಲಿ ಏನೂ ಹುರುಳಿರಲಿಲ್ಲ. ವಕೀಲರು ಯಜಮಾನನ ಕಿವಿಯಲ್ಲಿ ಐದು ನಿಮಿಷ ಪಿಸುಗುಟ್ಟಿದರು. ಯಜಮಾನ ಕೊನೆಗೆ ಮೇಜಿನ ಕಡೆ ನೋಡುತ್ತ, “ಯಾವತ್ತು ಬರ್ಬೇಕು?” ಎಂದ. ಅವಳು ತಾರೀಖು ಹೇಳಿದಳು. ಹೊರಗೆ ಬಂದು ಗಂಡನಿಗೆ ವಿಷಯ ತಿಳಿಸಿದಾಗ ಅವನು ಅವಳ ಕೈಚೀಲ ತೆಗೆದುಕೊಂಡು ಮುಂದೆ ನಡೆದ. ಮಂಡಿನೋವಿನವನು ಮೆಟ್ಟಿಲನ್ನು ಎರಡೆರಡಾಗಿ ಇಳಿಯುತ್ತಿದ್ದ.

ಕ್ರಯಪತ್ರವನ್ನು ಅವಳು ಬರೆಯಲಿಲ್ಲ. ಬೇಕೆಂದೇ ರಬ್ಬರ್ ಮಾವನ ಮೇಜಿನ ಎದುರು ಗಿರಾಕಿಯ ಕುರ್ಚಿಯಲ್ಲಿ ಕೂತಳು. ಮಾವ ಎಂಟು ಹಾಳೆ ಬರೆದ. ಅವಳು ಅವನ್ನು ಮೂರಕ್ಕೆ ಇಳಿಸುವಂತೆ ಮಾಡಿ, ಗಟ್ಟಿಯಾಗಿ ಓದಿಸಿದಳು. ನಾಲ್ಕು ದಿಕ್ಕಿನ ಗಡಿ ಬಂದಾಗ ಇನ್ನೊಮ್ಮೆ ಓದಿಸಿದಳು. “ಸಾಕು ತಾಯಿ, ಇಷ್ಟು ಕಾಟ ಕೊಡೋ ಗಿರಾಕೀನ ನಾನು ನೋಡೇ ಇಲ್ಲ,” ಎಂದು ಮಾವ ಗೊಣಗಿದ. ಅವನ ಕಣ್ಣು ಒದ್ದೆಯಾಗಿತ್ತು, ಪ್ರಿಂಟರಿನ ಧೂಳು ಎಂದ.

ನೋಂದಣಿ ಕಚೇರಿಯಲ್ಲಿ ಅಧಿಕಾರಿಯ ಮೇಜಿನ ಸುತ್ತ ಮರದ ಕಟಕಟೆ. ಅದರ ಒಳಗೆ ವ್ಯವಹಾರದವರಿಗೆ ಮಾತ್ರ ಪ್ರವೇಶ. ಪತ್ರ ಬರೆದವರು ಕಾಗದ ಕೊಟ್ಟು ಹೊರಗೆ ನಿಲ್ಲಬೇಕು. ಯಜಮಾನ ಹರಳೆಣ್ಣೆ ಕುಡಿದವನ ಮುಖ ಮಾಡಿಕೊಂಡು ಮೊದಲೇ ಒಳಗೆ ಕೂತಿದ್ದ. ಕರಾರಕ್ಕ ಕಾಗದ ಹಿಡಿದು ಒಳಗೆ ಬಂದು ಮೇಜಿನ ಮೇಲಿಟ್ಟಳು. ಅಧಿಕಾರಿ ಬಗ್ಗಿ ಮುದ್ರೆ ಒತ್ತುತ್ತಿದ್ದ. ಅವಳ ಚಪ್ಪಲಿಯ ಸದ್ದಿನಿಂದಲೇ ಗುರುತು ಹಿಡಿದು, ಎಂದಿನ ಮಾತನ್ನೇ ಎಂದಿನ ದನಿಯಲ್ಲಿ ಹೇಳಿದ.

“ಬರೆದವರು ಆಚೆ ನಿಂತ್ಕೊಳ್ಳಿ. ಕೊಳ್ಳೋರನ್ನ ಕಳಿಸಿ.”

ಇಪ್ಪತ್ತಾರು ವರ್ಷ ಈ ಮಾತಿಗೆ ಅವಳ ಕಾಲು ತಾನಾಗಿ ಹಿಂದೆ ಸರಿದು ಕಟಕಟೆಯ ಆಚೆ ಹೋಗಿ ನಿಲ್ಲುತ್ತಿತ್ತು. ಇವತ್ತೂ ಒಂದು ಕಾಲು ಹಿಂದಕ್ಕೆ ಹೋಯಿತು. ಅವಳು ಅದನ್ನು ಅಲ್ಲೇ ತಡೆದಳು. ಖಾಲಿ ಇದ್ದ ಕುರ್ಚಿಯನ್ನು ಸದ್ದಾಗುವಂತೆ ಎಳೆದು, ಯಜಮಾನನ ಪಕ್ಕದಲ್ಲಿ, ಅಧಿಕಾರಿಯ ಎದುರು ಕೂತಳು.

“ಕೊಳ್ಳೋಳು ನಾನೇ ಸಾರ್,” ಎಂದಳು. “ಕತ್ತೆತ್ತಿ ನೋಡಿ.”